ಐದು ಹೆಜ್ಜೆ ದೂರದ ಕುರ್ಚಿ

ನನ್ನ ಅತ್ತೆ ಸತ್ತ ಮೇಲೂ ಬಾಯಿ ಮುಚ್ಚಲಿಲ್ಲ. ಬದುಕಿದ್ದಾಗ ಮುಚ್ಚಿದ್ದರೆ ತಾನೆ ಆಮೇಲೆ ಮುಚ್ಚುವುದು! ಮೂವತ್ತು ವರ್ಷ ಅವರ ಜೊತೆ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವಳು ನಾನು. ನನ್ನ ಅಡುಗೆಗೆ, ನನ್ನ ನಡಿಗೆಗೆ, ನಾನು ಬಟ್ಟೆ ಹಿಂಡುವ ರೀತಿಗೆ, ಎಲ್ಲಕ್ಕೂ ಅವರದೊಂದು ಮಾತು ಇದ್ದೇ ಇರುತ್ತಿತ್ತು. ನಾನೇನು ಕಡಿಮೆಯವಳಲ್ಲ, ಒಂದಕ್ಕೆ ಎರಡು ಸೇರಿಸಿ ವಾಪಸು ಕೊಡುತ್ತಿದ್ದೆ. ಆದರೆ ಅವರ ಒಂದು ಮಾತಿಗೆ ಮಾತ್ರ ನಾನು ಯಾವತ್ತೂ ಎದುರಾಡಿದವಳಲ್ಲ. ಅದು ಅವರ 'ಸಾಕು'.

ನಮ್ಮದು ಬಂದೂಕಿನ ಮರಕ್ಕೆ ಬಣ್ಣ ಕಟ್ಟುವ ಕೆಲಸ. ಬಂದೂಕು ಅಂದರೆ ಜನಕ್ಕೆ ಕಬ್ಬಿಣವೇ ನೆನಪಾಗುತ್ತದೆ. ಭುಜಕ್ಕೆ ಒತ್ತಿಕೊಳ್ಳುವುದು, ಕೆನ್ನೆ ಆನಿಸುವುದು, ಕೈ ಸುತ್ತಿ ಹಿಡಿಯುವುದು ಎಲ್ಲ ಮರವೇ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ಬೀದಿಯ ಕಡೆಗಿರುವ ಮುಂದಿನ ಕೋಣೆಯಲ್ಲಿ ಮೇಸ್ತ್ರಿ ಕಬ್ಬಿಣ ರಿಪೇರಿ ಮಾಡುತ್ತಾರೆ, ಹಿಂದಿನ ಕೋಣೆಯಲ್ಲಿ ನಾವು ಮರ ನೋಡಿಕೊಳ್ಳುತ್ತೇವೆ. ನಡುವೆ ಒಂದು ಹಲಗೆಯ ಗೋಡೆ, ಅದರಲ್ಲೊಂದು ಬಾಗಿಲು. ಅವರು ಕೆಮ್ಮಿದರೆ ನಮಗೆ ಕೇಳುತ್ತದೆ, ನಾವು ಜಗಳವಾಡಿದರೆ ಅವರಿಗೆ ಕೇಳುತ್ತದೆ. ನನ್ನ ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಬಂದು ಮಲಗಿ ಹೋಗುತ್ತಾನೆ. ಈ ಕಥೆಯಲ್ಲಿ ಅವನಿಗೆ ಕೆಲಸವಿಲ್ಲ.

ಮರವನ್ನು ನುಣ್ಣಗೆ ಉಜ್ಜಿ ಒದ್ದೆ ಬಟ್ಟೆಯಿಂದ ಒರೆಸಿದರೆ, ಒಣಗುವಾಗ ಅದರ ಮೈಮೇಲೆ ಸಣ್ಣ ರೋಮ ಏಳುತ್ತದೆ. ಅದನ್ನು ಮತ್ತೆ ಉಜ್ಜಿ ತೆಗೆಯಬೇಕು. ಆಮೇಲೆ ಬಣ್ಣ. ಅಕ್ರೋಟಿನ ಹಸಿ ಸಿಪ್ಪೆ ಕೊಳೆಸಿ ಕುದಿಸಿದ ಕಂದು ರಸ ಒಂದು ಜಾಡಿಯಲ್ಲಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಪುಡಿಬಣ್ಣ ಇನ್ನೊಂದರಲ್ಲಿ, ಕೆಂಪು ಬೇರು ನೆನೆಹಾಕಿದ ಅಗಸೆ ಎಣ್ಣೆ ಮೂರನೆಯದರಲ್ಲಿ. ತೆಳ್ಳಗೆ ಒಂದು ಕೈ ಹಚ್ಚಬೇಕು, ಒಣಗಲು ಬಿಡಬೇಕು, ಮತ್ತೆ ಇನ್ನೊಂದು ಕೈ. ದಪ್ಪಗೆ ಒಂದೇ ಸಲ ಬಳಿದರೆ ಮರ ಮಂಕಾಗುತ್ತದೆ, ಅದರ ಗೆರೆ ಒಂದೂ ಕಾಣುವುದಿಲ್ಲ. ಯಾವಾಗ ನಿಲ್ಲಿಸಬೇಕು ಅನ್ನುವುದೇ ಇದರಲ್ಲಿ ಕಷ್ಟದ ವಿಷಯ.

ಹಚ್ಚುವವರಿಗೆ ಅದು ಗೊತ್ತಾಗುವುದಿಲ್ಲ. ಗಂಟೆಗಟ್ಟಲೆ ಒಂದೇ ಬಣ್ಣದ ಮೇಲೆ ಬಗ್ಗಿದ ಕಣ್ಣು ಆ ಬಣ್ಣಕ್ಕೆ ಒಗ್ಗಿಹೋಗಿರುತ್ತದೆ. ಎಷ್ಟು ಹಚ್ಚಿದರೂ ಕಡಿಮೆ ಅನ್ನಿಸುತ್ತದೆ, ಇಲ್ಲವೇ ಮೊದಲ ಕೈಗೇ ಆಯಿತು ಅನ್ನಿಸುತ್ತದೆ. ಅದಕ್ಕೇ ಈ ಮನೆಯಲ್ಲಿ ಮಾವನ ಕಾಲದಿಂದಲೂ ಒಂದು ಕಟ್ಟಳೆ: ಹಚ್ಚುವವರು ಒಬ್ಬರು, ಸಾಕು ಅನ್ನುವವರು ಇನ್ನೊಬ್ಬರು. ಸಾಕು ಅನ್ನುವವರು ಐದು ಹೆಜ್ಜೆ ದೂರದಲ್ಲಿ, ಕಿಟಕಿಗೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡು ಕೂರಬೇಕು. ಬಣ್ಣ ಒದ್ದೆಯಿರುವಾಗಲೇ ಮರವನ್ನು ನೋಡಿ ಹೇಳಬೇಕು. ಅವರು ಹೇಳದೆ ಮರ ಆಚೆ ಹೋಗುವಂತಿಲ್ಲ.

ಆ ಕುರ್ಚಿ ಅತ್ತೆಯದು. ಬಿಳಿ ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲಿಗೆ ರಟ್ಟು ಕೊಟ್ಟು ಅಲುಗದಂತೆ ಮಾಡಿದ್ದು. ಮಂಡಿಗೆ ನೋವಿನ ಮುಲಾಮು ಬಳಿದುಕೊಂಡು, ಕೈಕಟ್ಟಿ, ಮರದ ಮೇಲಿಂದ ಕಣ್ಣು ತೆಗೆಯದೆ ಕೂರುತ್ತಿದ್ದರು. "ಆಯ್ತಾ?" ಅಂದರೆ "ಇನ್ನೊಂದು ಕೈ" ಅನ್ನುವರು. ಮತ್ತೆ ಕೇಳಿದರೆ ಮತ್ತೆ "ಇನ್ನೊಂದು ಕೈ". ಅವರಷ್ಟು ಸತಾಯಿಸುವವರು ಈ ಕಸುಬಿನಲ್ಲಿ ಇನ್ನೊಬ್ಬರಿರಲಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತು ಕಾಲು ಬದಲಿಸುತ್ತಿದ್ದರೂ ಅವರಿಗೆ ಅವಸರವಿಲ್ಲ. ನಾನು ಹಲ್ಲು ಕಚ್ಚಿಕೊಂಡು ಹಚ್ಚುತ್ತಿದ್ದೆ. ಕೊನೆಗೊಮ್ಮೆ, ಗಂಟಲಿನ ತಳದಿಂದ, ಸ್ವಲ್ಪ ಸಿಟ್ಟಿನಲ್ಲೇ, "ಸಾಕು" ಅನ್ನುವರು. ದೂರ ನಿಂತು ನೋಡಿದರೆ ಮರ ಅದ್ಭುತವಾಗಿರುತ್ತಿತ್ತು. ಮುದುಕಿಯ ಮೇಲೆ ನನಗೆ ಆಗ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಎಂಟು ತಿಂಗಳ ಹಿಂದೆ ಹೋದರು, ನಿದ್ದೆಯಲ್ಲೇ. ಮೂರನೇ ವಾರ ಒಂದು ಮರ ಬಂತು. ನಾನೊಬ್ಬಳೇ ಹಚ್ಚುತ್ತಾ ಕೂತಿದ್ದೆ. ಮೂರನೇ ಕೈ ಒರೆಸುತ್ತಾ ಅಭ್ಯಾಸಬಲದಿಂದ "ಆಯ್ತಾ?" ಅಂದೆ.

"ಸಾಕು."

ಹಿಂದಿನಿಂದ, ಐದು ಹೆಜ್ಜೆ ದೂರದಿಂದ. ತಿರುಗಿದರೆ ಖಾಲಿ ಕುರ್ಚಿ. ಮುಲಾಮಿನ ವಾಸನೆ ಮಾತ್ರ ಸ್ವಲ್ಪ ಹೊತ್ತು ಇತ್ತು. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ದೂರ ಹೋಗಿ ನೋಡಿದಾಗ ಮರ ಸರಿಯಾಗಿಯೇ ಇತ್ತು. ಆಮೇಲೆ ಪ್ರತಿ ಮರಕ್ಕೂ ಹಾಗೇ. ಎರಡು ತಿಂಗಳಲ್ಲಿ ನನಗದು ಎಷ್ಟು ರೂಢಿಯಾಯಿತೆಂದರೆ, ತಡವಾದರೆ "ಏನು, ನಿದ್ದೆ ಹೋದ್ರಾ?" ಅಂತ ಕೇಳುತ್ತಿದ್ದೆ.

ಮೇಸ್ತ್ರಿಗೆ ಅದು ಸರಿಬರಲಿಲ್ಲ. ಅರವತ್ತಾರು ವರ್ಷದ, ಒಬ್ಬಂಟಿ, ಮೆತ್ತನೆಯ ಮನುಷ್ಯ. ಒಂದು ದಿನ ಬಾಗಿಲಲ್ಲಿ ನಿಂತು ತಡವರಿಸುತ್ತಾ ಹೇಳಿದರು:

"ನೋಡಮ್ಮ, ಬೇಜಾರು ಮಾಡ್ಕೋಬೇಡ. ನಿನ್ನ ಅತ್ತೆ ದನೀಲಿ ನೀನೇ ಸಾಕು ಅಂತೀಯ. ಗೋಡೆ ಆಚೆಯಿಂದ ನಂಗೆ ಕೇಳ್ಸುತ್ತೆ. ಒಬ್ಬಳೇ ಇರ್ತೀಯ, ಮನಸ್ಸಿಗೆ ಹಚ್ಕೊಂಡಿದೀಯ. ಯಾರಾದ್ರೂ ಡಾಕ್ಟರಿಗೆ..."

"ನಿಮ್ಮ ಕಿವೀನೇ ಡಾಕ್ಟರಿಗೆ ತೋರಿಸ್ಕೊಳ್ಳಿ!" ಅಂದು ಬಾಗಿಲು ಹಾಕಿದೆ. ಆದರೆ ಮಾತು ಮುಳ್ಳಿನಂತೆ ಒಳಗೆ ಚುಚ್ಚುತ್ತಲೇ ಇತ್ತು. ನಾನೇ ಆಡುತ್ತಿದ್ದರೆ? ಮರುದಿನ ಒಂದು ಮರದ ಕೊನೆಯ ಕೈ ಹಚ್ಚುವ ಮೊದಲು ಚೊಂಬಿನಿಂದ ಬಾಯಿ ತುಂಬಾ ನೀರು ತುಂಬಿಕೊಂಡೆ. ಕೆನ್ನೆ ಎರಡೂ ಉಬ್ಬಿದವು. ಹಾಗೇ ಹಚ್ಚಿದೆ, ಹಾಗೇ ಒರೆಸಿದೆ. ಆಯ್ತಾ ಅಂತ ಮನಸ್ಸಿನಲ್ಲೇ ಕೇಳಿದೆ.

"ಸಾಕು."

ಬಾಗಿಲು ಧಡ್ಡನೆ ತೆರೆದು ಮೇಸ್ತ್ರಿ ಬಂದರು. "ನೋಡು, ಈಗ ಅಂದೆ! ನಾನು ಈ ಕಿವಿಯಾರೆ..." ಅನ್ನುತ್ತಿದ್ದವರು ನನ್ನ ಮುಖ ನೋಡಿ ನಿಂತುಬಿಟ್ಟರು. ನಾನು ಬೆರಳಿನಿಂದ ಕೆನ್ನೆ ತೋರಿಸಿದೆ. ತುಟಿಯ ಅಂಚಿನಿಂದ ಒಂದು ಹನಿ ಇಳಿಯಿತು. ಅವರು ನೆಲದ ಮೇಲೆ ಕೂತುಬಿಟ್ಟರು. ಎಲ್ಲಿ ಕೂತರೂ ಆ ಕುರ್ಚಿಯ ಮೇಲೆ ಮಾತ್ರ ಕೂರಲಿಲ್ಲ. ಅಂದಿನಿಂದ ಅವರು ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇನ್ನು ನನ್ನ ಮಗಳ ವಿಷಯ. ಅವಳನ್ನು ಎಲ್ಲರೂ ಗುಂಡಿ ಅನ್ನುತ್ತಾರೆ. ಮೂರು ವರ್ಷದವಳಿದ್ದಾಗ ನನ್ನ ಅಂಗಿಯ ಗುಂಡಿ ನುಂಗಿ ಮನೆಯವರನ್ನೆಲ್ಲ ಒಂದು ದಿನ ಅಳಿಸಿದ್ದಳು. ಈಗ ಇಪ್ಪತ್ತೈದು. ಗಾಳಿಯಲ್ಲಿ ಹಾರಿಸುವ ಮಣ್ಣಿನ ಬಿಲ್ಲೆಗಳನ್ನು ಹೊಡೆಯುವ ಪಂದ್ಯದಲ್ಲಿ ಅವಳದು ಒಳ್ಳೆ ಕೈ. ಸಾಲ ತಂದ ಬಂದೂಕುಗಳಲ್ಲೇ ಹೊಡೆದು ಮೂರು ಕಪ್ ಗೆದ್ದಿದ್ದಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆದರೆ ನನ್ನ ಹೆಗ್ಗಣ ನಿಜಕ್ಕೂ ಗುರಿಗಾರ್ತಿ. ನನಗಿರುವುದು ಅವಳೊಬ್ಬಳೇ.

ಒಂದು ಬುಧವಾರ ಅವಳು ಕಂಕುಳಲ್ಲಿ ಹಳೆಯ ಹಾಸಿಗೆ ಬಟ್ಟೆಯ ಸುರುಳಿ ಇರುಕಿಕೊಂಡು ಬಂದಳು. ಬಿಚ್ಚಿದರೆ ಬಂದೂಕಿನ ಮರ. ಬಣ್ಣ ಕಾಣದ, ತಿಳಿಗಂದು, ಬೆತ್ತಲೆ ಮರ. ನನಗೆ ತಕ್ಷಣ ಗೊತ್ತಾಯಿತು. ಬಾಗಿಲ ಮೇಲಿನ ಅಟ್ಟದಲ್ಲಿ ನಲವತ್ತು ವರ್ಷಕ್ಕೂ ಮೇಲಿಂದ ಇದ್ದದ್ದು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಧೂಳು ಒರೆಸಲು ಹೋಗಿ ಅದನ್ನು ಮುಟ್ಟಿದ್ದೆ. "ನಿನ್ನ ಮಾವ ಒಂದೇ ಹಲಗೇಲಿ ಎರಡು ಮಾಡಿದ್ರು. ಒಂದು ಹೋಯ್ತು. ಇದನ್ನ ಮುಟ್ಟಬೇಡ" ಅಂದಿದ್ದರು ಅತ್ತೆ. ಒಲೆಗೂ ಹಾಕಲಿಲ್ಲ, ಬಣ್ಣವನ್ನೂ ಕಟ್ಟಿಸಲಿಲ್ಲ.

ಮಾವ ಸತ್ತದ್ದು ತಮ್ಮ ಬಂದೂಕಿನಿಂದಲೇ. ನನ್ನ ಗಂಡನಿಗೆ ಆಗ ಆರು ವರ್ಷ. ಗುಂಡು ಹಾರಿಸಿದಾಗ ಬಂದೂಕು ಕೈಯಲ್ಲೇ ಮುರಿದು, ಕಬ್ಬಿಣ ಹಿಂದಕ್ಕೆ ಬಂದು ಕಣ್ಣಿನ ಕೆಳಗೆ ಹೊಡೆಯಿತಂತೆ. ಮೂರು ದಿನ ಇದ್ದರಂತೆ. ಒಳಗೆ ತುಂಬಿದ ತೋಟಾ ಕೆಟ್ಟದ್ದಿತ್ತು ಅಂತ ಮನೆಯಲ್ಲಿ ಹೇಳುತ್ತಿದ್ದರು, ನಾನೂ ನಂಬಿದ್ದೆ. ಕಬ್ಬಿಣ ಮಾತ್ರ ಮೇಸ್ತ್ರಿಯ ಪೆಟ್ಟಿಗೆಯಲ್ಲಿ ಎಣ್ಣೆ ಬಟ್ಟೆ ಸುತ್ತಿಕೊಂಡು ಉಳಿದಿತ್ತು, ನಳಿಗೆಯ ಕೆಳಗೆ ಎಡಗೈಗೆ ಸಿಗುವ ಮುಂದಿನ ಮರದ ತುಂಡೂ ಉಳಿದಿತ್ತು.

"ಮೇಸ್ತ್ರಿ ಕಬ್ಬಿಣ ಪರೀಕ್ಷೆ ಮಾಡಿದ್ರಮ್ಮ, ಹೊಸದರ ಹಾಗಿದೆ. ಈ ಮರಾನೂ ತಟ್ಟಿ ನೋಡಿ ಕೂರಿಸಿಕೊಟ್ರು. ಭಾನುವಾರ ದೊಡ್ಡ ಪಂದ್ಯ. ತಾತನ ಬಂದೂಕಲ್ಲಿ ಹೊಡೀತೀನಿ. ನೀನು ಬಣ್ಣ ಕಟ್ಟಿಕೊಡು."

"ಅಜ್ಜಿ ಬೇಡ ಅಂದಿದ್ರು."

"ಅಜ್ಜಿ ಏನಕ್ಕೆ ಬೇಕು ಅಂದಿದ್ರು ಹೇಳು! ನನ್ನ ಚಪ್ಪಲಿಗೂ ಬೇಡ ಅಂದಿದ್ರು."

ಅದೂ ನಿಜವೇ. ಆ ಸೊಂಟಕ್ಕೆ ಕೈಯಿಟ್ಟು ನಿಂತ ಭಂಗಿ ನೋಡಿದರೆ ಯಾರ ಮೊಮ್ಮಗಳು ಅಂತ ಕೇಳಬೇಕಾಗಿರಲಿಲ್ಲ. ಮಗಳು ಕೇಳಿದ್ದಾಳೆ, ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಒಪ್ಪಿಕೊಂಡೆ.

ಗುರುವಾರ ಬೆಳಿಗ್ಗೆ ಉಜ್ಜಿ, ರೋಮ ತೆಗೆದು, ಮಧ್ಯಾಹ್ನ ಮೊದಲ ಕೈ ಹಚ್ಚಿದೆ. ಮುಂದಿನ ತುಂಡು ಹಳೆಯದು, ಕಪ್ಪುಗೆಂಪು ತಿರುಗಿದ್ದು. ಅದಕ್ಕೆ ಇದನ್ನು ಹೊಂದಿಸಬೇಕಾಗಿತ್ತು. ಎರಡನೇ ಕೈಗೆ ಹತ್ತಿರ ಬಂತು. ಆಯ್ತಾ ಅಂತ ಕೇಳಿದೆ. ಸದ್ದಿಲ್ಲ. ಸಾಯಂಕಾಲ ಮೂರನೇ ಕೈ. ಎರಡು ತುಂಡನ್ನೂ ಪಕ್ಕಪಕ್ಕ ಇಟ್ಟೆ, ದೂರ ಹೋಗಿ ನಿಂತು ನೋಡಿದೆ. ನನ್ನ ಕಣ್ಣಿಗೆ ಒಂದೇ ಆಗಿತ್ತು. "ಅತ್ತೆ, ಆಯ್ತಲ್ಲ?" ಅಂದೆ. ಮುಲಾಮಿನ ವಾಸನೆ ಮೂಗಿಗೆ ಹತ್ತುವಷ್ಟು ಇತ್ತು. ಮಾತು ಮಾತ್ರ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಕುರ್ಚಿ ತಿರುಗಿತ್ತು. ಗೋಡೆಗೆ ಮುಖ, ನನ್ನ ಮೇಜಿಗೆ ಬೆನ್ನು. ಗುಡಿಸುವಾಗ ನಾನೇ ತಿರುಗಿಸಿರಬೇಕು ಅಂದುಕೊಂಡು ಸರಿಯಾಗಿಟ್ಟೆ. ನಾಲ್ಕನೇ ಕೈ ಹಚ್ಚಿ, ಒಣಗಲು ಬಿಟ್ಟು, ಹಿತ್ತಲಲ್ಲಿ ಕೈ ತೊಳೆದು ಬಂದರೆ ಮತ್ತೆ ಗೋಡೆಗೆ ಮುಖ! ಕಾಲಿನ ಕೆಳಗಿನ ರಟ್ಟು ಇದ್ದಲ್ಲೇ ಇತ್ತು, ಕುರ್ಚಿ ಮಾತ್ರ ತಿರುಗಿತ್ತು.

"ಗುಂಡೀ! ಈ ಕುರ್ಚಿ ಜೊತೆ ಆಟ ಆಡ್ತಿರೋದು ನೀನೇನಾ?"

"ನಾನ್ಯಾಕೆ ಆಡ್ಲಿ? ನಾನು ಈಗ ತಾನೆ ಬಂದೆ. ಅಮ್ಮಾ, ಇನ್ನೂ ಮುಗಿದಿಲ್ವಾ? ಚೆನ್ನಾಗೇ ಇದೆಯಲ್ಲ!"

"ಅಜ್ಜಿ ಇನ್ನೂ ಹೇಳಿಲ್ಲ."

ಅವಳಿಗೆ ಆ ದನಿ ಒಮ್ಮೆಯೂ ಕೇಳಿಸಿರಲಿಲ್ಲ. ನನ್ನ ತಲೆ ಸ್ವಲ್ಪ ಸಡಿಲವಾಗಿದೆ ಅನ್ನುವುದು ಅವಳ ಲೆಕ್ಕ. "ಅಜ್ಜಿಗೆ ಹೇಳು, ಭಾನುವಾರ ಎಂಟು ಗಂಟೆಗೆ ಕಾರು ಬರುತ್ತೆ ಅಂತ" ಅಂದು ನಗುತ್ತಾ ಹೋದಳು.

ನಾನು ಮೇಸ್ತ್ರಿಯ ಕೋಣೆಗೆ ಹೋದೆ. ಅವರು ಒಂದು ಕೈಯಲ್ಲಿ ದವಡೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸ್ಕ್ರೂ ಹುಡುಕುತ್ತಿದ್ದರು, ಹಲ್ಲುನೋವು. ಕುರ್ಚಿಯ ವಿಷಯ ಹೇಳಿದೆ. ಸ್ಕ್ರೂ ಅವರ ಕೈಯಿಂದ ಜಾರಿತು.

"ಗೋಡೆ ಕಡೆಗಾ?" ಅಂದರು.

"ಹೂಂ. ಯಾಕೆ?"

ಅವರು ಬಗ್ಗಿ ಸ್ಕ್ರೂ ಎತ್ತಿ ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು: "ಆಗ ನಾನು ಇಲ್ಲಿ ಹೊಸದಾಗಿ ಅಂಗಡಿ ಹಾಕಿದ್ದೆ. ಅವತ್ತು ಬೆಳಿಗ್ಗೆಯಿಂದ ನಿನ್ನ ಅತ್ತೆ ಮಾವ ಇಬ್ಬರಿಗೂ ಜಗಳ. ಯಾತಕ್ಕೋ ಏನೋ, ಗಂಡ ಹೆಂಡತಿ ಜಗಳಕ್ಕೆ ಕಾರಣ ಬೇಕಾ? ನಿನ್ನ ಮಾವ ತಮ್ಮ ಮರಕ್ಕೆ ತಾವೇ ಬಣ್ಣ ಹಚ್ತಿದ್ರು, ಅವಸರದಲ್ಲಿದ್ರು. ಎರಡನೇ ಕೈ ಆದ್ಮೇಲೆ 'ಏನೇ, ನೋಡು, ಆಯ್ತಾ' ಅಂದ್ರು. ನಿನ್ನ ಅತ್ತೆ ಕುರ್ಚೀನ ಗೋಡೆ ಕಡೆ ತಿರುಗಿಸ್ಕೊಂಡು ಕೂತಿದ್ರು. ಕತ್ತು ಕೂಡ ತಿರುಗಿಸಲಿಲ್ಲ. ಹಾಗೇ 'ಸಾಕು' ಅಂದ್ಬಿಟ್ರು. ನಿನ್ನ ಮಾವ ತಗೊಂಡು ಹೋದ್ರು."

"ಆಮೇಲೆ?"

"ಆಮೇಲೆ ಏನು. ನಿಂಗೇ ಗೊತ್ತಲ್ಲ." ಇನ್ನೂ ಏನೋ ಇತ್ತು ಅವರ ಬಾಯಲ್ಲಿ. ದವಡೆ ಒತ್ತಿಕೊಂಡು ನುಂಗಿಕೊಂಡರು. ಹಲ್ಲು ಕೀಳಿಸಲು ಹೋಗಬೇಕು ಅಂದು ಅಂಗಡಿ ಮುಚ್ಚಿಕೊಂಡು ಹೋದರು, ಶನಿವಾರವೂ ಬರಲಿಲ್ಲ.

ನಾನು ಹಿಂದಿನ ಕೋಣೆಗೆ ಬಂದು ಆ ಕುರ್ಚಿಯ ಬೆನ್ನನ್ನೇ ನೋಡುತ್ತಾ ನಿಂತೆ. ತೋಳಿನ ಮೇಲೆ ರೋಮ ಎದ್ದಿತ್ತು. ಮೂವತ್ತು ವರ್ಷ ಅವರು ಮರದಿಂದ ಕಣ್ಣು ತೆಗೆಯದೆ ಕೂತದ್ದು, ಸತಾಯಿಸಿದ್ದು, ಎಲ್ಲ ಯಾಕೆ ಅಂತ ಅರ್ಧ ಅರ್ಥವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಎಷ್ಟು ಸಲ ನನಗೇ ಹೇಳಿದ್ದರು! ನನ್ನ ಬಾಯಿಗೆ ಹೇಳುತ್ತಿದ್ದಾರೆ ಅಂದುಕೊಂಡು ಉರಿದುಬೀಳುತ್ತಿದ್ದೆ. ಆದರೆ ಒಂದು ಮಾತು ತಪ್ಪಿದ್ದಕ್ಕೂ ತೋಟಾ ಕೆಟ್ಟದ್ದಕ್ಕೂ ಏನು ಸಂಬಂಧ ಅಂತ ನನಗೆ ಆಗ ತಿಳಿಯಲಿಲ್ಲ. ಹೆಂಡತಿ ಮನಸಾರೆ ಕಳಿಸಲಿಲ್ಲ, ಅದಕ್ಕೆ ಹಾಗಾಯಿತು ಅಂತ ಕೊರಗಿದ್ದಾರೆ ಪಾಪ, ಅಷ್ಟೇ ಅಂದುಕೊಂಡೆ.

"ಸರಿ ಅತ್ತೆ. ನೀವು ತಿರುಗಿ ಹೇಳೋ ತನಕ ಹಚ್ತೀನಿ" ಅಂದೆ.

ಐದನೇ ಕೈ. ಶನಿವಾರ ಬೆಳಿಗ್ಗೆ ಆರನೇ ಕೈ. ಮುಂದಿನ ತುಂಡಿಗಿಂತ ಇದೇ ಒಂದು ಗುಲಗಂಜಿಯಷ್ಟು ಹೆಚ್ಚು ಕಪ್ಪಾಯಿತು. ಬಟ್ಟೆಗೆ ಬಣ್ಣ ಅಂಟುತ್ತಿರಲಿಲ್ಲ, ಮರ ಕುಡಿಯುತ್ತಲೇ ಇತ್ತು. ಆಗಲೇ ಕಂಡದ್ದು. ಮರದ ಕುತ್ತಿಗೆಯಲ್ಲಿ, ಅಂದರೆ ಹೆಬ್ಬೆರಳು ಸುತ್ತಿ ಹಿಡಿಯುವ ಸಣ್ಣ ಜಾಗದಲ್ಲಿ, ಒಂದು ಕರಿಗೆರೆ ಎದ್ದು ಬಂದಿತ್ತು. ಕೂದಲಿನಷ್ಟು ಸಣ್ಣದು. ಮೇಲಿಂದ ಓರೆಯಾಗಿ ಇಳಿದು ಪಕ್ಕಕ್ಕೆ ಬಾಗಿತ್ತು.

ಕರಿಗೆರೆ ಅಂದರೆ ನಮ್ಮ ಕಸುಬಿನಲ್ಲಿ ಭಾಗ್ಯ. ಗೆರೆಯಿರುವ ಅಕ್ರೋಟಿಗಾಗಿ ಜನ ವರ್ಷಗಟ್ಟಲೆ ಕಾಯುತ್ತಾರೆ. ನೂರು ಮರದಲ್ಲಿ ಒಂದಕ್ಕೆ ಬರುತ್ತದೆ, ಅದೂ ಕುತ್ತಿಗೆಯ ಮೇಲೆ ಇಷ್ಟು ಚೆಂದ ಬಾಗಿ ಬರುವುದು ಅಪರೂಪ. ನನ್ನ ಎದೆ ಹಿಗ್ಗಿತು. ಓಹೋ, ಇದಕ್ಕೇ ಅತ್ತೆ ಸುಮ್ಮನಿದ್ದರು, ಈ ಗೆರೆ ಏಳಲಿ ಅಂತ ಕಾಯುತ್ತಿದ್ದರು ಅಂದುಕೊಂಡೆ. ಮೊಮ್ಮಗಳಿಗೆ ಕೊಟ್ಟ ಬಳುವಳಿ ಅಂದುಕೊಂಡೆ! ಸಣ್ಣ ಕುಂಚ ತೆಗೆದುಕೊಂಡು, ಗಾಢ ಬಣ್ಣದಲ್ಲಿ ಅದ್ದಿ, ಆ ಗೆರೆಯ ಮೇಲೆ ಇನ್ನೊಂದು ಎಳೆ ಎಳೆದೆ, ಎದ್ದು ಕಾಣಲಿ ಅಂತ. ಗೆರೆ ಆ ಬಣ್ಣವನ್ನು ಗಟಗಟ ಕುಡಿಯಿತು. ಮತ್ತೊಮ್ಮೆ ಎಳೆದೆ. ಅದನ್ನೂ ಕುಡಿಯಿತು. ಅದೇಕೆ ಅಷ್ಟು ಕುಡಿಯುತ್ತದೆ ಅಂತ ನಾನು ಯೋಚಿಸಲಿಲ್ಲ. ನನ್ನ ಕೈಯನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ.

ಮಧ್ಯಾಹ್ನ ಗುಂಡಿ ಬಂದಳು. ಗೆರೆ ನೋಡಿ "ಅಮ್ಮಾ!" ಅಂತ ಕಿರುಚಿದಳು. "ಎಲ್ಲಿತ್ತಮ್ಮ ಇದು? ಏನ್ ಚೆಂದ ಇದೆ! ಸಾಕಮ್ಮ, ಸಾಕು, ಇನ್ನು ಮುಟ್ಟಬೇಡ."

ಐದು ಹೆಜ್ಜೆ ದೂರದಲ್ಲಿ ನಿಂತು, ಕಣ್ಣಿಟ್ಟು ನೋಡಿಯೇ ಹೇಳಿದ್ದಳು. ಕಟ್ಟಳೆ ಪ್ರಕಾರ ಯಾರು ಹೇಳಿದರೂ ನಡೆಯುತ್ತದೆ. ನಾನು ಕುರ್ಚಿಯ ಕಡೆ ನೋಡಿದೆ. ಅದು ಗೋಡೆಗೇ ಮುಖ ಮಾಡಿತ್ತು. "ಅತ್ತೆ, ನಿಮ್ಮ ಮೊಮ್ಮಗಳು ಹೇಳಿಯಾಯ್ತು" ಅಂದೆ. ಒಳಗೊಳಗೇ ಏನೋ ಕಸಿವಿಸಿ. ಆದರೆ ಮೂರು ದಿನದ ಭಾರ ಇಳಿದಂತಾಗಿತ್ತು, ನಿಜ ಹೇಳಬೇಕೆಂದರೆ ಇಳಿಸಿಕೊಳ್ಳಲು ನಾನೂ ಕಾಯುತ್ತಿದ್ದೆ. ಎಣ್ಣೆಯ ಒಂದು ಕೈ ತೀಡಿಕೊಟ್ಟೆ. ಎರಡು ಸ್ಕ್ರೂ, ಒಂದು ಪಿನ್ನು, ಅವಳೇ ಕಬ್ಬಿಣಕ್ಕೆ ಕೂರಿಸಿಕೊಂಡಳು. ಭುಜಕ್ಕಿಟ್ಟು ಗುರಿ ನೋಡಿದಾಗ ಅವಳ ಕೆನ್ನೆ ಆ ಮರದ ಮೇಲೆ ಎಷ್ಟು ಹೊಂದಿ ಕೂತಿತ್ತೆಂದರೆ ನನ್ನ ಕಣ್ಣು ತುಂಬಿತು.

ಭಾನುವಾರ ಎಂಟಕ್ಕೆ ಐದು ನಿಮಿಷವಿತ್ತು. ಬೀದಿಯಲ್ಲಿ ಅವಳ ಗೆಳತಿಯ ಕಾರು ಬಂದು ಹಾರ್ನ್ ಹೊಡೆಯಿತು. ಗುಂಡಿ ಉದ್ದನೆಯ ಚೀಲ ಹೆಗಲಿಗೆ ಹಾಕಿಕೊಂಡು ಮುಂದಿನ ಕೋಣೆ ದಾಟಿ ಹೋದಳು. ಮೇಸ್ತ್ರಿ ಆಗ ತಾನೆ ಅಂಗಡಿ ತೆರೆಯುತ್ತಿದ್ದರು. ಒಂದು ಕೆನ್ನೆ ಊದಿ, ಬಾಯಲ್ಲಿ ಹತ್ತಿ.

"ಅಯ್ಯೋ, ನಿಮಗೆ ತೋರಿಸಲೇ ಇಲ್ಲ" ಅಂದೆ. "ಅಂಥ ಗೆರೆ ನನ್ನ ಜನ್ಮದಲ್ಲಿ ನೋಡಿಲ್ಲ ಮೇಸ್ತ್ರಿ. ಆರನೇ ಕೈಗೆ ಎದ್ದು ಬಂತು. ಇಲ್ಲಿಂದ ಹೀಗೆ ಬಾಗಿ..." ಅಂತ ನನ್ನ ಹೆಬ್ಬೆರಳಿನ ಬುಡದಲ್ಲಿ ಬೆರಳು ಎಳೆದು ತೋರಿಸಿದೆ.

ಅವರು ಬಾಯಿಯ ಹತ್ತಿ ತೆಗೆದರು. "ಕುತ್ತಿಗೆ ಮೇಲಾ?"

"ಹೂಂ, ಕುತ್ತಿಗೆ ಮೇಲೆ."

"ಅವತ್ತು ಮುರಿದ ಮರ ನಾನೇ ಎತ್ಕೊಂಡು ಬಂದದ್ದು" ಅಂದರು. ಮಾತು ಊದಿದ ಕೆನ್ನೆಯಲ್ಲಿ ತೊದಲುತ್ತಿತ್ತು. "ತೋಟಾ ಅಲ್ಲಮ್ಮ ಕೆಟ್ಟಿದ್ದು. ಕುತ್ತಿಗೆ ಹತ್ರ ಮುರಿದಿತ್ತು. ಆಗ ತಾನೆ ಮುರಿದ ಮರ ಒಳಗೆ ಬೆಳ್ಳಗಿರಬೇಕು. ಅದು ಅರ್ಧ ಕಂದು ಇತ್ತು. ಬಣ್ಣ ಒಳಗೆ ಇಳಿದಿತ್ತು. ಬಿರುಕು ಮೊದಲೇ ಇತ್ತು, ಮುಚ್ಚಿಕೊಂಡಿತ್ತು. ನಾನು ದಡ್ಡ, ಚಿಕ್ಕ ವಯಸ್ಸು. ನಿನ್ನ ಅತ್ತೆ ಮುಂದೆ ಅಂದ್ಬಿಟ್ಟೆ. 'ಅಮ್ಮಾ, ಇನ್ನೆರಡು ಕೈ ಹಚ್ಚಿದ್ರೆ ಗೆರೆ ಕಾಣ್ತಿತ್ತು' ಅಂತ. ಅವರು ಅಳಲಿಲ್ಲ, ಬೈಯಲಿಲ್ಲ. ನನ್ನ ನೋಡಿದ್ರು ಅಷ್ಟೇ. ಆ ಮಾತು ನಾನು ಆಡಬಾರದಿತ್ತು." ಆಮೇಲೆ ಏನೋ ನೆನಪಾದವರಂತೆ ಕೇಳಿದರು, "ಈ ಮರ ಎಲ್ಲಿಂದ ಬಂತು?"

"ಅದೇ ಹಲಗೆ" ಅಂದೆ. "ಅದೂ ಇದೂ ಒಂದೇ ಹಲಗೆ."

ಹೇಗೆ ಬೀದಿಗೆ ಬಂದೆನೋ ಗೊತ್ತಿಲ್ಲ, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಗುಂಡಿ ಚೀಲವನ್ನು ಕಾರಿನ ಹಿಂದಿನ ಸೀಟಿನ ಮೇಲೆ ಇಡುತ್ತಿದ್ದಳು. ನಾನು ಅದನ್ನು ಎಳೆದುಕೊಂಡೆ.

"ಅಮ್ಮಾ! ಏನಾಯ್ತು?"

"ಬಿಡು. ಇದು ಹೋಗೋ ಹಾಗಿಲ್ಲ."

"ಹುಚ್ಚು ಹಿಡೀತಾ ನಿಂಗೆ? ಎರಡು ವರ್ಷದಿಂದ ಕಾದಿದೀನಿ ಈ ಪಂದ್ಯಕ್ಕೆ! ಅಜ್ಜಿ ಅಜ್ಜಿ ಅಂತ ನನ್ನ ಪ್ರಾಣ ತಿಂದಿದ್ದು ಸಾಲದಾ? ಕೊಡಮ್ಮ!"

ಅವಳ ಹಿಡಿತ ಗಟ್ಟಿ. ಬೀದಿಯ ನಡುವೆ ತಾಯಿ ಮಗಳು ಒಂದು ಚೀಲಕ್ಕೆ ಜಗ್ಗಾಡಿದೆವು, ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಬಿರುಕು, ಹಲಗೆ, ಅರ್ಧ ಕಂದು ಅಂತ ಏನೇನೋ ಅಂದೆ. ನನಗೇ ಅರ್ಥವಾಗುವಂತೆ ಹೇಳಲಾಗಲಿಲ್ಲ, ಅವಳಿಗೆ ಹೇಗೆ ಅರ್ಥವಾಗಬೇಕು? ಜಿಪ್ಪು ಹರಿಯಿತು. ಬಂದೂಕಿನ ನಳಿಗೆ ನನ್ನ ಕೈಗೆ ಸಿಕ್ಕಿತು. ತೋಟಾ ಇರಲಿಲ್ಲ, ಅದು ಗೊತ್ತಿತ್ತು. ಎರಡೂ ಕೈಯಲ್ಲಿ ನಳಿಗೆ ಹಿಡಿದು ಎತ್ತಿ, ನಮ್ಮ ಹೊಸ್ತಿಲ ಕಲ್ಲಿಗೆ ಆ ಮರವನ್ನು ಅಪ್ಪಳಿಸಿದೆ.

ಒಂದೇ ಏಟು. ಗಟ್ಟಿ ಅಕ್ರೋಟು ಮರ ಒಂದು ಏಟಿಗೆ ಮುರಿಯುವುದಿಲ್ಲ, ಕೈ ಜುಮ್ಮೆನ್ನುತ್ತದೆ, ಅಷ್ಟೇ. ಇದು ಒಣಕಡ್ಡಿಯಂತೆ ಕುತ್ತಿಗೆಯಲ್ಲಿ ಬೇರೆಯಾಗಿ ಹೊಸ್ತಿಲಿನ ಎರಡು ಕಡೆ ಬಿತ್ತು. ಮೂರು ದಿನದಿಂದ ಹಚ್ಚಿದ್ದ ಬಣ್ಣ ಅದರೊಳಗೆ ಇತ್ತು. ಆರು ಕೈ, ಮೇಲೆ ನನ್ನ ಕುಂಚದ ಎಳೆ, ಎಲ್ಲ. ಮುರಿದ ಮುಖ ಪೂರ್ತಿ ಕಪ್ಪು. ಒಂದು ಅಂಚಿನಲ್ಲಿ ಮಾತ್ರ ಉಗುರಿನಷ್ಟು ಅಗಲ ಬಿಳಿ ಮರ. ಅಷ್ಟರ ಮೇಲೆ ಅದು ನಿಂತಿತ್ತು, ಅಷ್ಟರ ಮೇಲೆ ನನ್ನ ಮಗಳು ಕೆನ್ನೆ ಇಟ್ಟು ಗುಂಡು ಹಾರಿಸಲು ಹೊರಟಿದ್ದಳು.

ಗುಂಡಿ ಬಗ್ಗಿ ಆ ತುಂಡನ್ನು ಎತ್ತಿಕೊಂಡಳು. ಬಿಳಿಯ ಜಾಗದ ಮೇಲೆ ಬೆರಳು ಆಡಿಸಿದಳು. ನಾನು ಅಳು ತಡೆಯಲಾರದೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದೆ.

"ಸಾಕು."

ಗುಂಡಿ ಥಟ್ಟನೆ ತಲೆಯೆತ್ತಿದಳು. ಅವಳು ನೋಡಿದ್ದು ನನ್ನ ಮುಖವನ್ನಲ್ಲ, ನನ್ನ ಹಿಂದೆ. ನಾನೂ ತಿರುಗಿದೆ. ಮುಂದಿನ ಕೋಣೆಯ ಬಾಗಿಲು, ಅದರ ಆಚೆ ಹಲಗೆ ಗೋಡೆಯ ಬಾಗಿಲು, ಎರಡೂ ತೆರೆದಿದ್ದವು. ಅದರಾಚೆ ಬಿಳಿ ಕುರ್ಚಿ. ನಾನು ಕೋಣೆ ಬಿಟ್ಟಾಗ ಅದು ಗೋಡೆಗೆ ಮುಖ ಮಾಡಿತ್ತು. ಈಗ ನಮ್ಮನ್ನು ನೋಡುತ್ತಿತ್ತು. ಮೇಸ್ತ್ರಿ ಬಾಗಿಲ ಚೌಕಟ್ಟಿಗೆ ಒರಗಿ ಎರಡೂ ಕೈ ಮುಗಿದುಕೊಂಡಿದ್ದರು.

"ಅಮ್ಮಾ" ಅಂದಳು ಗುಂಡಿ, ಬಹಳ ಮೆಲ್ಲಗೆ. "ಅಜ್ಜಿ."

"ಹೂಂ ಕಣೆ" ಅಂದೆ. ನನಗೆ ಆಗ ಹೆದರಿಕೆಯಾಗಲಿಲ್ಲ. ಸೀದಾ ಒಳಗೆ ಹೋಗಿ ಆ ಕುರ್ಚಿಯ ಮುಂದೆ ನಿಂತೆ. ಜೀವ ಇದ್ದಾಗ ಅವರಿಗೆ ಒಂದು ಒಳ್ಳೆ ಮಾತು ಹೇಳಿದವಳಲ್ಲ ನಾನು. "ಅತ್ತೆ, ಈ ಸಲ ನೀವು ತಿರುಗಿ ನೋಡಿ ಹೇಳಿದ್ರಿ" ಅಂದೆ. ಮುಲಾಮಿನ ವಾಸನೆ ಇತ್ತು. ಆಮೇಲೆ ಇರಲಿಲ್ಲ.

ಅದೇ ಕೊನೆ. ಎಷ್ಟೋ ಮರ ಹಚ್ಚಿದೆ, ಎಷ್ಟೋ ಸಲ ಆಯ್ತಾ ಅಂತ ಕೇಳಿದೆ. ಬೈದೂ ನೋಡಿದೆ. ಈಗ ಆ ಕುರ್ಚಿಯಲ್ಲಿ ಬಿಡುವಿದ್ದಾಗ ಗುಂಡಿ ಕೂರುತ್ತಾಳೆ. ಮೊನ್ನೆ ನಾನು ಎರಡನೇ ಕೈ ಒರೆಸಿ ಕೇಳಿದರೆ, ಫೋನಿನಿಂದ ಕಣ್ಣು ತೆಗೆಯದೆ "ಹೂಂ, ಸಾಕು" ಅಂದಳು.

ಬಣ್ಣದ ಬಟ್ಟೆಯನ್ನು ಮುದ್ದೆ ಮಾಡಿ ಅವಳ ಮುಖಕ್ಕೇ ಎಸೆದೆ. ಅವಳು ಬೈಯಲಿಲ್ಲ. ಕೆನ್ನೆಯ ಕಂದು ಕಲೆಯನ್ನು ಒರೆಸಿಕೊಳ್ಳಲೂ ಇಲ್ಲ. ಫೋನು ಕೆಳಗಿಟ್ಟು, ಕೈಕಟ್ಟಿ, ಮರವನ್ನು ಬಹಳ ಹೊತ್ತು ನೋಡಿದಳು.

"ಇನ್ನೊಂದು ಕೈ" ಅಂದಳು.